ಬೂದು ಗಿಳಿಗೆ ಒಗ್ಗುವ ಮನೆ

ಬೆಳಗಿನ ಹೊತ್ತು, ಅಡುಗೆಮನೆಯಲ್ಲಿ ರೊಟ್ಟಿಗೆ ಹಿಟ್ಟು ನಾದುತ್ತಿದ್ದೆ. ಹೊರಗಿನ ಕೋಣೆಯಿಂದ ಹೆಂಗಸೊಬ್ಬರ ದನಿ ಕೇಳಿತು.

"ಒಣಸ್ ಆಂಡಾ?"

ಊಟ ಆಯಿತೇ ಎಂದು ತುಳುವಿನಲ್ಲಿ ವಿಚಾರಿಸುವ ಮಾತು ಅದು. ಅತ್ತೆ ಕೈಯ ಹಿಟ್ಟು ಒರೆಸಿಕೊಂಡು, ತಲೆಯ ಮೇಲೆ ಸೆರಗು ಎಳೆದುಕೊಂಡು, "ಬರ್ರಿ, ಬರ್ರಿ ಒಳಗ, ಯಾರ ಬಂದೀರಿ?" ಎನ್ನುತ್ತಾ ಹೊರಗೆ ಹೋದರು. ಬಾಗಿಲಿನ ಚಿಲಕ ಹಾಕಿದ ಹಾಗೇ ಇತ್ತು. ಮೂಲೆಯ ಪಂಜರದಲ್ಲಿ ಹಿಂದಿನ ಸಂಜೆ ಬಂದಿಳಿದಿದ್ದ ಬೂದು ಬಣ್ಣದ ಗಿಳಿ ಕತ್ತು ವಾರೆ ಮಾಡಿ ಒಂದೇ ಕಣ್ಣಿನಲ್ಲಿ ಅವರನ್ನು ನೋಡುತ್ತಿತ್ತು. ಅತ್ತೆ ಒಳಗೆ ಬಂದು ನೀರು ಕುಡಿದು ಕುಳಿತರು.

"ಗಿರಿಜಾ, ಅದು ಗಿಳಿ ಅಲ್ಲ. ಅದರ ಹೊಟ್ಟ್ಯಾಗ ಯಾರೋ ಸಾಲಿ ಅಕ್ಕೋರು ಕುಂತಾರ" ಎಂದರು.

ಅವರು ಹೇಳಿದ್ದು ಅರ್ಧ ನಿಜ. ಅದು ಹಕ್ಕಿಯನ್ನು ನಮಗೆ ಕೊಟ್ಟ ಕಾರ್ಕಳದ ಹರಿಣಾಕ್ಷಿ ಟೀಚರ ದನಿ. ನಾನು ಹಿಟ್ಟಿನ ಮುಂದೆ ಕುಳಿತು ಬೇರೆಯೇ ಯೋಚಿಸುತ್ತಿದ್ದೆ. ಮದುವೆಯಾಗಿ ಈ ಕರಾವಳಿಗೆ ಬಂದ ಮೇಲೆ ಹುಟ್ಟಿದ ಮಗಳೇ ಈಗ ಎಸ್ಸೆಸ್ಸೆಲ್ಸಿಗೆ ಬಂದಿದ್ದಾಳೆ. ಇಷ್ಟು ವರ್ಷ ಬಸ್ಸಿನಲ್ಲಿ, ಕಟಪಾಡಿಯ ಅಂಗಡಿಗಳಲ್ಲಿ, ಮೀನಿನ ಮಾರ್ಕೆಟ್ಟಿನ ಬದಿಯಲ್ಲಿ ಕಿವಿ ತುಂಬ ತುಳು ಕೇಳಿದ್ದೇನೆ. ಆದರೆ ನನ್ನ ಮುಖ ಕಂಡದ್ದೇ ತಡ, ಎಲ್ಲರೂ ಮಾತು ನಿಲ್ಲಿಸಿ ಕನ್ನಡಕ್ಕೆ ತಿರುಗುತ್ತಾರೆ, ಅದೂ ಪಾಠದ ಪುಸ್ತಕದ ಹಾಗಿನ ಅಚ್ಚುಕಟ್ಟಾದ ಕನ್ನಡಕ್ಕೆ. ಅದು ಅವರ ಮರ್ಯಾದೆ. ನನ್ನ ಮನೆಯೊಳಗೆ ನಿಂತು ನನ್ನನ್ನು ತುಳುವಿನಲ್ಲಿ ಊಟ ಆಯಿತೇ ಎಂದು ಮೊದಲು ಕೇಳಿದ್ದು ಈ ಹಕ್ಕಿ. ನಾನು ಘಟ್ಟದ ಮೇಲಿನವಳು ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ.

ರೋಣದ ಕಡೆಯ ನನ್ನ ಜನ ಇದನ್ನು ಓದಿದರೆ, ಗಿರಿಜಾಗೆ ಮಳೆ ನೀರು ತಲೆಗೆ ಏರಿದೆ ಎಂದು ನಗಬಹುದು. ರೊಟ್ಟಿ ಬಡಿದು ಬದುಕುವವರಿಗೆ ಆಫ್ರಿಕಾದ ಗಿಳಿ ಯಾಕೆ ಎಂದು ನಾನೂ ಕೇಳಿಕೊಂಡಿದ್ದೇನೆ. ಒಂದು ತಿಂಗಳು ಇಡೀ ಮನೆ ಅದನ್ನೇ ಕೇಳಿಕೊಂಡಿತು. ಆದ್ದರಿಂದ ಮೊದಲಿನಿಂದ ಹೇಳುತ್ತೇನೆ.

ನನ್ನ ಯಜಮಾನರು ಬಸವರಾಜ ಟೈಲ್ಸ್ ಮೇಸ್ತ್ರಿ. ಮದುವೆಗೆ ಮೊದಲೇ ಈ ಕಡೆ ಬಂದಿದ್ದವರು. ನನ್ನನ್ನು ಕರೆತಂದು ಇಳಿಸಿದ್ದು ಕಟಪಾಡಿಯಲ್ಲಿ, ಹೆದ್ದಾರಿಯ ಅಂಗಡಿಗಳ ಹಿಂದಿನ ಒಂದು ಕೋಣೆಯಲ್ಲಿ. "ಎರಡ ವರ್ಷ ಅಷ್ಟ. ಆಮ್ಯಾಗ ಊರಿಗೆ ಹೋಗೂನು" ಎಂದಿದ್ದರು. ಆ ಎರಡು ವರ್ಷ ಇನ್ನೂ ಮುಗಿದಿಲ್ಲ. ಪ್ರತಿ ಯುಗಾದಿಗೆ ಅದು ಹೊಸದಾಗಿ ಶುರುವಾಗುತ್ತದೆ.

ನಮ್ಮಲ್ಲಿ ಮಳೆ ಬಂದರೆ ಜನ ಹೊರಗೆ ಬಂದು ನಿಂತು ನೋಡುತ್ತಾರೆ. ಇಲ್ಲಿ ಮಳೆ ನಿಂತರೆ ಹೊರಗೆ ಬಂದು ನೋಡುತ್ತಾರೆ. ಮೊದಲ ಜೂನ್‌ನಲ್ಲಿ ನಾನು ಊರಿನಿಂದ ತಂದಿದ್ದ ಕಡಕ್ ರೊಟ್ಟಿಯ ಗಂಟು ಬಿಚ್ಚಿದಾಗ ರೊಟ್ಟಿಗಳು ಒದ್ದೆ ಬಟ್ಟೆಯ ಹಾಗೆ ಮಡಚಿಕೊಂಡವು. ಊರಲ್ಲಿ ಅವೇ ರೊಟ್ಟಿ ತಿಂಗಳುಗಟ್ಟಲೆ ಚಟಚಟ ಎನ್ನುತ್ತ ಇರುತ್ತಿದ್ದವು. ಅಂದು ನಾನು ಅತ್ತದ್ದು ರೊಟ್ಟಿಗಾಗಿ ಅಲ್ಲ ಎಂದು ಈಗ ಗೊತ್ತಾಗುತ್ತದೆ. ಇಲ್ಲಿಯ ಕುಚ್ಚಲಕ್ಕಿ ಅನ್ನ ಆಗ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಈಗ ಜ್ವರ ಬಂದರೆ ಅದರ ಗಂಜಿಯನ್ನೇ ಬಾಯಿ ಬಯಸುತ್ತದೆ. ಮಾವ ತೀರಿಕೊಂಡ ಮೇಲೆ ಅತ್ತೆಯೂ ನಮ್ಮೊಡನೆ ಬಂದರು. ಅವರನ್ನು ಕಾಪುವಿನ ಕಡಲು ತೋರಿಸಲು ಕರೆದುಕೊಂಡು ಹೋದೆವು. ಬಹಳ ಹೊತ್ತು ಸುಮ್ಮನೆ ನೋಡಿ, "ಇಷ್ಟ ನೀರ ಐತಿ, ಒಂದ ಗುಟುಕ ಕುಡ್ಯಾಕ ಬರಂಗಿಲ್ಲ" ಎಂದು ಹೇಳಿ ಬಸ್ಸಿನ ಕಡೆಗೆ ತಿರುಗಿದರು.

ಈಗ ನಾವು ಇನ್ನಂಜೆಯಲ್ಲಿದ್ದೇವೆ, ಗದ್ದೆಯ ಅಂಚಿನ ಒಂದು ಬಾಡಿಗೆ ಮನೆಯಲ್ಲಿ. ನಾನೂ ಅತ್ತೆಯೂ ಬಡಿದ ರೊಟ್ಟಿ ಮಣಿಪಾಲಕ್ಕೆ ಹೋಗುತ್ತದೆ. ಅಲ್ಲಿ ಓದಲು ಬಂದಿರುವ ನಮ್ಮ ಕಡೆಯ ಮಕ್ಕಳು ತಿನ್ನುತ್ತಾರೆ. ಮನೆ ಚೆನ್ನಾಗಿದೆ, ಆದರೆ ನೆಲ ಹಳೆಯ ಸಿಮೆಂಟಿನದು, ಅಲ್ಲಲ್ಲಿ ಎದ್ದಿದೆ. ಉಡುಪಿಯ ಎಷ್ಟೋ ಮನೆಗಳಿಗೆ ಕನ್ನಡಿಯಂಥ ನೆಲ ಹಾಕಿದ ನಮ್ಮ ಮೇಸ್ತ್ರಿ ತಾನು ಉಣ್ಣುವ ಜಾಗಕ್ಕೆ ಒಂದು ಟೈಲ್ಸ್ ಹಾಕಲಿಲ್ಲ. ಕೇಳಿದರೆ, "ಎರಡ ವರ್ಷಕ್ಕ ಯಾಕ ಬೇಕದು?" ಎನ್ನುತ್ತಿದ್ದರು.

ಕಳೆದ ಬೇಸಿಗೆಯಲ್ಲಿ ಅವರಿಗೆ ಕಾರ್ಕಳದ ಹರಿಣಾಕ್ಷಿ ಟೀಚರ ಮನೆಯ ನೆಲದ ಕೆಲಸ ಸಿಕ್ಕಿತು. ಟೈಲ್ಸ್ ಕೂರಿಸಿದ ಮೇಲೆ ಸಿಮೆಂಟು ಬಳಿಯುವ ಕರಣಿಯ ಹಿಡಿಯಿಂದ ಅದನ್ನು ತಟ್ಟಿ ನೋಡುವುದು ಅವರ ಕ್ರಮ. ಅಡಿಯಲ್ಲಿ ಸಿಮೆಂಟು ತುಂಬಿದ್ದರೆ ಗಟ್ಟಿ ಸದ್ದು ಬರುತ್ತದೆ. ಗಾಳಿ ಉಳಿದಿದ್ದರೆ ಪೊಳ್ಳು ಸದ್ದು. ಪೊಳ್ಳಾದರೆ ಎಬ್ಬಿಸಿ ಮತ್ತೆ ಕೂರಿಸಬೇಕು. ಒಂದು ಮಧ್ಯಾಹ್ನ ತಟ್ಟುತ್ತಾ ಹೋಗುವಾಗ ಬೆನ್ನ ಹಿಂದೆ ಪೊಳ್ಳು ಸದ್ದು ಕೇಳಿತಂತೆ. ಮುಗಿದ ಸಾಲಿನಲ್ಲಿ ಒಂದು ಟೈಲ್ಸ್ ಎಬ್ಬಿಸಿದರು. ಅಡಿಯಲ್ಲಿ ಸಿಮೆಂಟು ಭದ್ರವಾಗಿಯೇ ಇತ್ತು. ಮತ್ತೆ ಕೂರಿಸಿ ತಿರುಗಿದರೆ ಮತ್ತೆ ಪೊಳ್ಳು ಸದ್ದು. ಪಕ್ಕದ್ದನ್ನೂ ಎಬ್ಬಿಸಿದರು. ಆಗ ಬಾಗಿಲಲ್ಲಿ ನಿಂತಿದ್ದ ಟೀಚರು ನಗು ತಡೆಯಲಾರದೆ, "ಅಯ್ಯೋ ಮೇಸ್ತ್ರಿಗಳೇ, ಅದು ನೆಲ ಅಲ್ಲ ಮಾರಾಯ್ರೆ, ನಮ್ಮ ಮುತ್ತು!" ಎಂದರಂತೆ.

ಕಿಟಕಿಯ ಬಳಿಯ ಪಂಜರದಲ್ಲಿ ಗಿಳಿ ನಾಲಿಗೆಯಲ್ಲೇ ಆ ಸದ್ದು ತೆಗೆಯುತ್ತಿತ್ತು. ಗಟ್ಟಿ ಸದ್ದನ್ನೂ ಕೇಳಿತ್ತು, ಪೊಳ್ಳನ್ನೂ ಕೇಳಿತ್ತು, ಯಾವುದಕ್ಕೆ ಮೇಸ್ತ್ರಿ ತಿರುಗಿ ನೋಡುತ್ತಾರೆಂಬುದು ಅದಕ್ಕೆ ಗೊತ್ತಾಗಿತ್ತು. ಅಂದಿನಿಂದ ಇವರು ಅದನ್ನು ಮುತ್ಯಾ ಎಂದು ಕರೆಯತೊಡಗಿದರು. ನಮ್ಮ ಕಡೆ ಅಜ್ಜನಿಗೆ ಹಾಗೆ ಹೇಳುತ್ತೇವೆ. ಬೂದು ಮೈ, ಬಿಳಿ ಮುಖ, ಯಾರನ್ನೂ ನಂಬದ ಕಣ್ಣು, ಹಿಂದೆ ಕೆಂಪು ಬಾಲ. ಧೋತ್ರದ ಕೆಂಪು ಅಂಚು ತೋರಿಸುತ್ತಾ ಕುಳಿತ ಅಜ್ಜನ ಗತ್ತು ಅದಕ್ಕೆ ಇತ್ತು. ಕೆಲಸ ಮುಗಿಯುವ ಹೊತ್ತಿಗೆ ಅದು ಇವರ ಹೆಗಲ ಮೇಲೆ ಕುಳಿತು ಕಿವಿಯ ಹಿಂದಿನ ಕೂದಲು ನೇವರಿಸುತ್ತಿತ್ತಂತೆ. ಟೀಚರನ್ನೂ ಅವರ ಯಜಮಾನರನ್ನೂ ಬಿಟ್ಟರೆ ಅದು ಯಾರ ಹತ್ತಿರವೂ ಹಾಗೆ ಹೋದದ್ದಿಲ್ಲ.

ಆ ಯಜಮಾನರಿಗೇ ತೊಂದರೆ ಶುರುವಾಗಿತ್ತು. ಈ ಜಾತಿಯ ಗಿಳಿಯ ಗರಿಯಿಂದ ಸದಾ ಬಿಳಿ ಪುಡಿ ಉದುರುತ್ತದೆ. ಅದು ಅವರ ಎದೆಗೆ ಆಗಿಬರಲಿಲ್ಲ. ಹಕ್ಕಿಯನ್ನು ದೂರ ಮಾಡಿ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಟೀಚರು ಒಂದು ಭಾನುವಾರ ನಮ್ಮ ಮನೆಗೆ ಬಂದು, ಹೊರಗಿನ ಕೋಣೆಯ ಕುರ್ಚಿಯ ತುದಿಯಲ್ಲಿ ಕುಳಿತು ವಿಷಯ ತೆಗೆದರು.

"ಮಾರುವುದಿಲ್ಲ ಗಿರಿಜಾ. ಮಾರಿದರೆ ಯಾರ ಕೈಗೆ ಹೋಗ್ತದೆ ಅಂತ ಗೊತ್ತಾಗುವುದಿಲ್ಲ. ನಿಮ್ಮ ಮೇಸ್ತ್ರಿಗಳನ್ನು ಅದೇ ಆರಿಸಿಕೊಂಡಿದೆ. ಆದರೆ ಇದು ಎಲ್ಲರ ಮನೆಗೂ ಆಗುವಂಥ ಹಕ್ಕಿ ಅಲ್ಲ. ಒಂದು ತಿಂಗಳು ಇಟ್ಟುಕೊಂಡು ನೋಡಿ. ಆಗುವುದಿಲ್ಲ ಅಂತ ಕಂಡರೆ ಸಂಕೋಚ ಬೇಡ, ವಾಪಸ್ ಕೊಡಿ. ನಾನು ಬೇರೆ ಮನೆ ಹುಡುಕುತ್ತೇನೆ."

ಆಮೇಲೆ ಅವರು ಪ್ರಶ್ನೆ ಕೇಳತೊಡಗಿದರು. ನನಗೆ ಹಿಂದೆ ಬಾಡಿಗೆ ಮನೆ ಹುಡುಕುತ್ತಾ ತಿರುಗಿದ ದಿನಗಳು ನೆನಪಾದವು. ಆಗಲೂ ಜನ ಪ್ರಶ್ನೆ ಕೇಳಿದ್ದರು. ಎಷ್ಟು ಮಂದಿ ಇದ್ದೀರಿ, ಎಂತ ತಿನ್ನುತ್ತೀರಿ, ಊರಿನಿಂದ ನೆಂಟರು ಬಂದರೆ ಎಷ್ಟು ದಿನ ಇರುತ್ತಾರೆ, ನೀವು ಯಾವಾಗ ಊರಿಗೆ ಹೋಗುತ್ತೀರಿ. ಟೀಚರು ಕೇಳಿದ್ದು ಬೇರೆ. ಹಗಲು ಮನೆಯಲ್ಲಿ ಯಾರು ಇರುತ್ತೀರಿ? ದಿನಾ ಪಂಜರದಿಂದ ಹೊರಗೆ ಬಿಟ್ಟು ಅದರ ಜೊತೆ ಮಾತಾಡಲಿಕ್ಕೆ ಪುರುಸೊತ್ತು ಉಂಟಾ? ಯಾರಿಗಾದರೂ ದಮ್ಮು ಉಂಟಾ? ನಾನ್‌ಸ್ಟಿಕ್ ಕಾವಲಿ ಉಂಟಾ? ಅದು ಕಾದು ಬರುವ ಹೊಗೆ ನಮ್ಮ ಮೂಗಿಗೆ ಗೊತ್ತಾಗುವುದಿಲ್ಲ, ಆದರೆ ಹಕ್ಕಿ ನಿಂತಲ್ಲೇ ಸತ್ತು ಹೋಗುತ್ತದೆ ಎಂದರು. ಮಗಳು ಸಹನಾ ತನ್ನ ದೋಸೆಯ ಕಾವಲಿಯನ್ನು ಹಿಂದೆ ಮುಂದೆ ನೋಡದೆ ಹೊರಗೆ ಹಾಕಿದಳು.

"ನಮ್ಮ ಹಸಿರು ಗಿಳಿ ಸಾಕುವ ಹಾಗೇ ಇಲ್ಲ, ಗೊತ್ತುಂಟಲ್ಲ? ಇದಕ್ಕಾದರೆ ಅರಣ್ಯ ಇಲಾಖೆಯಲ್ಲಿ ನೋಂದಣಿ ಆಗಿದೆ. ನಿಮ್ಮ ಹೆಸರಿಗೆ ಮಾಡಿಕೊಡುವ ಕೆಲಸ ನನ್ನದು" ಎಂದ ಟೀಚರು ಕೊನೆಯ ಪ್ರಶ್ನೆ ಕೇಳಿದರು. "ಇದು ಇನ್ನೂ ಮೂವತ್ತು ನಲವತ್ತು ವರ್ಷ ಬದುಕುವ ಹಕ್ಕಿ. ನೀವು ಇಲ್ಲೇ ಇರ್ತೀರಲ್ವಾ?"

ಅತ್ತೆ ಮಗನ ಮುಖ ನೋಡಿದರು. ಸಹನಾ ನನ್ನ ಮುಖ ನೋಡಿದಳು. ಇಷ್ಟು ವರ್ಷ ನಾವು ಒಬ್ಬರನ್ನೊಬ್ಬರು ಕೇಳದೆ ಉಳಿಸಿಕೊಂಡು ಬಂದಿದ್ದ ಪ್ರಶ್ನೆ ಅದು. ಯಜಮಾನರು ಗೋಡೆ ನೋಡುತ್ತಾ, "ತಿಂಗಳಾಗಲಿ ಬಿಡ್ರಿ ಟೀಚರ, ಹೇಳ್ತೀವಿ" ಎಂದರು.

ಹಕ್ಕಿ ಬರುವ ಮೊದಲು ಅವರ ಎದೆಯ ತಪಾಸಣೆ ಮಾಡಿಸಿದೆ. ದಿನವೂ ಟೈಲ್ಸ್ ಕೊಯ್ಯುವ ಧೂಳು ಕುಡಿಯುವವರಿಗೆ ಗರಿಯ ಧೂಳೂ ಸೇರಬಾರದಲ್ಲ. ಸದ್ಯಕ್ಕೆ ಏನೂ ಇಲ್ಲ, ಕೆಲಸದಲ್ಲಿ ಮಾಸ್ಕ್ ಹಾಕಿಕೊಳ್ಳಿ, ವರ್ಷಕ್ಕೊಮ್ಮೆ ಬನ್ನಿ ಎಂದರು ಡಾಕ್ಟರು. ನಾನು ಎಷ್ಟು ಹೇಳಿದರೂ ಮಾಸ್ಕ್ ಹಾಕದ ಮನುಷ್ಯ ಗಿಳಿಯ ನೆಪದಲ್ಲಿ ಹಾಕತೊಡಗಿದರು. ಅಷ್ಟು ಲಾಭ ಮೊದಲೇ ಆಯಿತು.

ಮುತ್ತು ಬಂದಾಗ ನಾವು ಮಾಡಿದ್ದು ನಮ್ಮ ಸೀಮೆಯ ಜನ ಮಾಡುವ ಕೆಲಸವನ್ನೇ. ದೂರದಿಂದ ಬಂದ ಮನೆಯ ಬೀಗರನ್ನು ನಾವು ಎಲ್ಲಿ ಕೂರಿಸುತ್ತೇವೆ? ಬಾಗಿಲಿಗೆ ಎದುರಾದ ಹೊರಗಿನ ಕೋಣೆಯಲ್ಲಿ, ಗಾಳಿ ಬೆಳಕು ಇರುವಲ್ಲಿ, ಹಾಸಿದ ಕಂಬಳಿಯ ಮೇಲೆ. ಅವರ ಮುಂದೆ ತಿನ್ನಲು ಇಟ್ಟು ನಾವು ಒಳಗೆ ಸರಿಯುತ್ತೇವೆ, ಅವರು ಆರಾಮಾಗಿರಲಿ ಎಂದು. ಪಂಜರವನ್ನೂ ಹಾಗೆಯೇ ಇಟ್ಟೆವು. ಮುಂದೆ ಬಟ್ಟಲು ತುಂಬ ಶೇಂಗಾ. ಅದು ತಿಂದಷ್ಟೂ ಅತ್ತೆ ಸುರಿದರು. ಬಟ್ಟಲು ಬರಿದಾದರೆ ಮನೆಯ ಮರ್ಯಾದೆ ಹೋಗುತ್ತದೆ ಎಂಬುದು ಅವರ ಲೆಕ್ಕ. ನಾನೂ ಅತ್ತೆಯೂ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆವು. ನಮ್ಮ ಹರಟೆ, ಜಗಳ, ಊಟ ಎಲ್ಲವೂ ಅಲ್ಲೇ. ರೊಟ್ಟಿಯ ಹೊಗೆ ಹಕ್ಕಿಗೆ ಆಗುವುದಿಲ್ಲವೆಂದು ನಡುವಿನ ಬಾಗಿಲನ್ನೂ ಹಾಕಿಕೊಳ್ಳುತ್ತಿದ್ದೆವು.

ಮೊದಲ ವಾರ ಅದು ಕರೆಯಿತು. "ಒಣಸ್ ಆಂಡಾ?" ಎಂದಿತು, ಟೀಚರ ಮನೆಯ ಕಾಲಿಂಗ್ ಬೆಲ್ ಬಾರಿಸಿತು, ಪ್ರೆಶರ್ ಕುಕ್ಕರಿನ ಸೀಟಿ ಹೊಡೆಯಿತು. ಎರಡನೆಯ ವಾರ ಸುಮ್ಮನಾಯಿತು. ಒಗ್ಗಿಕೊಂಡಿದೆ ಎಂದು ನಾವು ಖುಷಿಪಟ್ಟೆವು. ಒಂದು ಸಂಜೆ ಸಹನಾ ಕೂಗಿದಳು.

"ಅವ್ವಾ, ಬಾ ಇಲ್ಲಿ! ಮುತ್ತು ತನ್ನ ಗರಿ ತಾನೇ ಕಿತ್ಕೊಳ್ತಾ ಉಂಟು!"

ಎದೆಯ ಮೇಲೆ ಒಂದು ಕಡೆ ಚರ್ಮ ಕಾಣುತ್ತಿತ್ತು. ಪಂಜರದ ಅಡಿಯಲ್ಲಿ ಬೂದು ಗರಿಗಳು ಬಿದ್ದಿದ್ದವು. ಅತ್ತೆ ಮುದ್ದು ಮಾಡಲು ಕೈ ಹಾಕಿದರು, ಬೆರಳಿನಲ್ಲಿ ರಕ್ತ ಬಂತು. ಆ ನೋವಿನಲ್ಲೂ ಅವರು, "ಪಾಪ, ಅದಕ್ಕ ಏನ ಸಂಕಟ ಐತೋ" ಎಂದರು.

ಮಣಿಪಾಲದ ಕಡೆ ಹಕ್ಕಿ ನೋಡುವ ಡಾಕ್ಟರೊಬ್ಬರಿದ್ದಾರೆ. ಪಂಜರಕ್ಕೆ ಬಟ್ಟೆ ಮುಚ್ಚಿ ರಿಕ್ಷಾದಲ್ಲಿ ಒಯ್ದೆವು. ಅವರು ಮೈಯೆಲ್ಲ ನೋಡಿ ರೋಗ ಏನೂ ಇಲ್ಲ ಎಂದರು. ಏನು ತಿನ್ನಿಸುತ್ತೀರಿ ಎಂದಾಗ ಅತ್ತೆ ಹೆಮ್ಮೆಯಿಂದ ಶೇಂಗಾ ಎಂದರು. "ಅದನ್ನು ಇವತ್ತೇ ನಿಲ್ಲಿಸಿ ಅಜ್ಜಿ. ಈ ಊರಿನ ಹವೆಗೆ ಶೇಂಗಾಕ್ಕೆ ಬೂಷ್ಟು ಹಿಡಿಯುತ್ತದೆ, ಕಣ್ಣಿಗೆ ಕಾಣದಿದ್ದರೂ ಹಕ್ಕಿಗೆ ಅದು ವಿಷ. ಸೊಪ್ಪು, ಕ್ಯಾರೆಟ್, ಪಪ್ಪಾಯ, ಮೊಳಕೆ ಕಾಳು ಕೊಡಿ. ಇದಕ್ಕೆಂದೇ ಮಾಡಿದ ಆಹಾರ ಸಿಗುತ್ತದೆ, ಅದು ಮುಖ್ಯ" ಎಂದರು. ಆಮೇಲೆ ಪಂಜರ ಎಲ್ಲಿ ಇಟ್ಟಿದ್ದೀರಿ ಎಂದು ಕೇಳಿದರು. ಹೇಳಿದೆ. ನೀವೆಲ್ಲ ಎಲ್ಲಿರುತ್ತೀರಿ ಎಂದರು. ಅದನ್ನೂ ಹೇಳಿದೆ. "ಈ ಹಕ್ಕಿ ಹಿಂಡಿನಲ್ಲಿ ಬದುಕುವಂಥದ್ದು. ನೀವೇ ಈಗ ಅದರ ಹಿಂಡು. ನೀವೆಲ್ಲ ಒಳಗೆ ಒಟ್ಟಿಗೆ ಇದ್ದು ಅದೊಂದನ್ನೇ ಬಾಗಿಲ ಹತ್ತಿರ ಬಿಟ್ಟರೆ ಅದು ಮತ್ತೇನು ಮಾಡುತ್ತದೆ?"

ರಿಕ್ಷಾದಲ್ಲಿ ವಾಪಸ್ ಬರುವಾಗ ನನ್ನ ಕಣ್ಣು ತುಂಬಿ ಬಂತು. ಕಟಪಾಡಿಯ ಮೊದಲ ವರ್ಷಗಳಲ್ಲಿ ನಾನು ಯಾರ ಮನೆಗೆ ಹೋದರೂ ಜಗಲಿಯಲ್ಲಿ ಕೂರಿಸಿ, ಬೆಲ್ಲ ನೀರು ಕೊಟ್ಟು, ಒಳ್ಳೆಯ ಕನ್ನಡದಲ್ಲಿ ಊರಿನ ಕಡೆಯ ಮಳೆಬೆಳೆ ವಿಚಾರಿಸುತ್ತಿದ್ದರು. ಒಬ್ಬರೂ ಒರಟಾಗಿ ನಡೆದುಕೊಂಡಿಲ್ಲ. ಆದರೆ ಒಳಗಿನಿಂದ ತುಳುವಿನ ನಗು ಕೇಳಿಬರುತ್ತಿತ್ತು, ನಾನು ಲೋಟ ಹಿಡಿದುಕೊಂಡು ಹೊರಗೆ ಕುಳಿತಿರುತ್ತಿದ್ದೆ. ಇನ್ನಂಜೆಗೆ ಬಂದ ಮೇಲೆ ಒಂದು ದಿನ ಮನೆಯ ಮಾಲಕಿ ವಾಸಂತಿಯಕ್ಕ ಹಿಂಬಾಗಿಲಿನಿಂದ ಕೂಗಿದರು. "ಗಿರಿಜಾ, ಪುರುಸೊತ್ತು ಉಂಟಾ? ನೆಂಟರು ಬಂದಿದ್ದಾರೆ ಮಾರಾಯ್ತಿ, ನಾಲ್ಕು ಕಾಯಿ ತುರಿದು ಕೊಡು." ಅಂದು ಹಿತ್ತಿಲ ಚಾವಡಿಯಲ್ಲಿ ತುರಿಮಣೆಯ ಮೇಲೆ ಕುಳಿತಾಗ ನನಗಾದ ಸಂತೋಷವನ್ನು ಹೇಗೆ ಹೇಳಲಿ. ಯಾರೂ ನನ್ನನ್ನು ಉಪಚರಿಸಲಿಲ್ಲ. ತುರಿ ದಪ್ಪವಾಯಿತೆಂದು ವಾಸಂತಿಯಕ್ಕ ಬೈದರು ಕೂಡ. ಆ ದಿನದಿಂದ ನಾನು ಈ ಊರಿನಲ್ಲಿ ಸರಿಯಾಗಿ ನಿದ್ದೆ ಮಾಡಿದೆ. ಅಷ್ಟು ಅನುಭವಿಸಿದವಳು ನಾನೇ ಈ ಹಕ್ಕಿಯನ್ನು ಮರ್ಯಾದೆಯಿಂದ ಬಾಗಿಲ ಬಳಿ ಕೂರಿಸಿದ್ದೆ.

ಹಾಗಾದರೆ ಒಳಗೆ ತರಬೇಕು. ಆದರೆ ನಮ್ಮ ಒಳಗು ಎಂದರೆ ಅಡುಗೆಮನೆ, ಅಡುಗೆಮನೆ ಎಂದರೆ ರೊಟ್ಟಿ, ರೊಟ್ಟಿ ಎಂದರೆ ಹೊಗೆ. ಆ ಸಂಜೆ ನಾವು ನಾಲ್ವರೂ ಕುಳಿತು ಮಾತಾಡಿದೆವು.

ಅತ್ತೆ ನೇರವಾಗಿ ಹೇಳಿದರು. "ಕೊಟ್ಟ ಬಿಡೂನು ಬಸವಾ. ನನಗೂ ಜೀವ ಹೋಗತೈತಿ, ಆದ್ರ ನಮ್ಮಂಥವರ ಮನಿಗೆ ಇದು ಹೊಂದಂಗಿಲ್ಲ. ಪಂಚಮಿಗೆ ಎಲ್ಲಾರೂ ಊರಿಗೆ ಹೋದ್ರ ಇದನ್ನ ಯಾರ ನೋಡ್ತಾರ?"

ನಮಗೆ ನಾಗರಪಂಚಮಿ ಎಂದರೆ ಏನೆಂದು ಕರಾವಳಿಯವರಿಗೆ ಹೇಳಿ ತಿಳಿಸುವುದು ಕಷ್ಟ. ಇಲ್ಲಿ ಅಂದು ನಾಗನಿಗೆ ತನು ಎಂದು ಹಾಲು, ಎಳನೀರು ಎರೆದು ಬರುತ್ತಾರೆ. ನಮ್ಮಲ್ಲಿ ಅದು ಹೆಣ್ಣುಮಕ್ಕಳು ತವರಿಗೆ ಹೋಗಿ ಉಂಡಿ ತಿಂದು ಜೋಕಾಲಿ ಆಡುವ ಹಬ್ಬ. ಪ್ರತಿ ವರ್ಷ ನಾವು ನಾಲ್ವರೂ ಈ ಮನೆಗೆ ಬೀಗ ಹಾಕಿ ಹೋಗುತ್ತೇವೆ. ಹಕ್ಕಿ ಇದ್ದರೆ ಬೀಗ ಹಾಕುವ ಹಾಗಿಲ್ಲ, ಯಾರಾದರೂ ಉಳಿಯಬೇಕು.

"ನಾನು ಇರ್ತೇನೆ" ಎಂದಳು ಸಹನಾ. "ಅಲ್ಲಿ ಹೋದರೆ ಎಲ್ಲರೂ ನನ್ನ ಮಾತು ಕೇಳಿ ನಗ್ತಾರೆ. ನನಗೆ ಇದೇ ಊರು ಅಲ್ವಾ?"

ಅವಳು ಅದನ್ನು ಸಾಮಾನ್ಯ ವಿಷಯದ ಹಾಗೆ ಹೇಳಿದಳು. ಅವಳ ಅಜ್ಜಿಗೆ ಅದು ಹಾಗೆ ಕೇಳಿಸಲಿಲ್ಲ. ಅತ್ತೆ ಎದ್ದು ಹೋಗಿ ಕತ್ತಲಾಗುತ್ತಿದ್ದ ಗದ್ದೆ ನೋಡುತ್ತಾ ನಿಂತರು. ನಾನು ಯಜಮಾನರಿಗೆ ಹೇಳಿದೆ. "ಏನ್ರೀ, ಟೀಚರು ಕೇಳಿದ್ದಕ್ಕ ನಾವು ಇನ್ನೂ ಉತ್ತರ ಕೊಟ್ಟಿಲ್ಲ. ಹಕ್ಕಿ ಇಟ್ಕೊಳ್ಳೂದು ಬಿಡೂದು ಆಮ್ಯಾಗಿನ ಮಾತು. ನಾವು ಇಲ್ಲೇ ಇರಾವರೇನು, ಹೋಗಾವರೇನು? ಅದನ್ನ ಮೊದಲ ಹೇಳ್ರಿ."

ಹೆಗಲ ಮೇಲಿನ ಮುತ್ತು ಅವರ ಅಂಗಿಯ ಗುಂಡಿ ಕಚ್ಚುತ್ತಾ ಕುಳಿತಿತ್ತು. ಅದರ ಎದೆಯ ಬೋಳು ಜಾಗವನ್ನು ಅವರು ಬೆರಳಿನ ಬೆನ್ನಿನಿಂದ ಸವರುತ್ತಿದ್ದರು.

ಮರುದಿನ ಕೆಲಸಕ್ಕೆ ಹೋಗದೆ ವಾಸಂತಿಯಕ್ಕನ ಅಂಗಳಕ್ಕೆ ಹೋದರು. ನಾನೂ ಹಿಂದೆ ಹೋದೆ. ಹಿತ್ತಿಲಲ್ಲಿ ಗೋಡೆಗೆ ತಾಗಿಸಿ ಒಂದು ತಗಡಿನ ಮಾಡು ಇಳಿಸಿ, ರೊಟ್ಟಿಯ ಒಲೆಗೆ ಕಟ್ಟೆ ಕಟ್ಟಿಕೊಳ್ಳಬಹುದೇ ಎಂದು ಕೇಳಿದರು. ವಾಸಂತಿಯಕ್ಕ ಬಸಳೆಯ ಬಳ್ಳಿ ಕಟ್ಟುತ್ತಿದ್ದವರು ಕೈ ನಿಲ್ಲಿಸಿದರು.

"ಕಟ್ಟೆಯಾ? ಎಂತ ಬಸವರಾಜ, ಇಷ್ಟು ವರ್ಷ ಒಂದು ಮೊಳೆ ಹೊಡೆಯಲಿಕ್ಕೂ ಬೇಡ, ನಾವು ಹೋಗುವವರು ಅಂತ ಹೇಳ್ತಾ ಇದ್ದೆಯಲ್ಲ! ಕಟ್ಟೆ ಕಟ್ಟಿದ ಮೇಲೆ ಎತ್ತಿಕೊಂಡು ಹೋಗಲಿಕ್ಕೆ ಆಗುವುದಿಲ್ಲ, ಆಯ್ತಾ?"

"ಗೊತ್ತೈತ್ರಿ ಅಕ್ಕಾರ" ಎಂದರು ಇವರು. "ಒಳಗಿನ ನೆಲಕ್ಕೂ ಟೈಲ್ಸ್ ಹಾಕ್ತೀನ್ರಿ. ಹಕ್ಕಿ ಹೊಲಸು ಮಾಡತೈತಿ, ಒರಸಾಕ ಚಲೋ ಆಕ್ಕತಿ" ಎಂದು ಸೇರಿಸಿದರು.

ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಹೀಗೆ. ನೆಪ ಹಕ್ಕಿಯ ಹೊಲಸು. ಇರಲಿ, ನಮ್ಮ ಯಜಮಾನರ ಬಾಯಿಂದ ಅದಕ್ಕಿಂತ ನೇರವಾದ ಮಾತು ಮದುವೆಯ ದಿನವೂ ಬಂದಿರಲಿಲ್ಲ.

ಮಳೆ ಹಿಡಿದುಕೊಳ್ಳುವ ಮೊದಲೇ ಮಾಡು ಇಳಿಯಿತು, ಕಟ್ಟೆ ಎದ್ದಿತು. ಒಲೆ, ರೊಟ್ಟಿ ಸುಡುವ ಹಂಚು, ಕೊಣಮಿಗೆ ಎಲ್ಲ ಹಿತ್ತಿಲಿಗೆ ಹೋದವು. ಕೊಣಮಿಗೆ ಎಂದರೆ ನಾವು ಹಿಟ್ಟು ನಾದುವ ಮರದ ಪಾತ್ರೆ, ನನ್ನ ತವರಿನಿಂದ ಬಂದದ್ದು. ಒಳಗಿನ ನೆಲಕ್ಕೆ ಬೇರೆ ಬೇರೆ ಮನೆಗಳ ಕೆಲಸದಲ್ಲಿ ಉಳಿದ, ಮಾಲೀಕರೇ ಕೊಟ್ಟ ಟೈಲ್ಸ್. ಒಂದರ ಬಣ್ಣ ಇನ್ನೊಂದಕ್ಕಿಲ್ಲ. ಒಂದು ಉಡುಪಿಯ ಮನೆಯದು, ಒಂದು ಕಾಪುವಿನದು, ಗೋಡೆಯ ಬಳಿಯ ಸಾಲು ಟೀಚರ ಕಾರ್ಕಳದ ಮನೆಯದೇ. ಕೂರಿಸಿ ಮುಗಿಸಿ ಇವರು ಕರಣಿಯ ಹಿಡಿಯಿಂದ ತಟ್ಟತೊಡಗಿದರು. ಪಂಜರದ ಮೇಲೆ ಕುಳಿತ ಮುತ್ತು ಕಿವಿಗೊಟ್ಟು ಕೇಳಿ, ಸರಿಯಾದ ಹೊತ್ತು ನೋಡಿ ಪೊಳ್ಳು ಸದ್ದು ತೆಗೆಯಿತು. ಇವರ ಕೈ ನಿಂತಿತು. ಹಿಂದಿನ ಟೈಲ್ಸ್ ಕಡೆಗೆ ಒಮ್ಮೆ ನೋಡಿದರು.

"ಇಲ್ಲೋ ಮುತ್ಯಾ, ಗಟ್ಟಿ ಐತಿ" ಎಂದು ಹೇಳಿ ಮುಂದೆ ಸರಿದರು.

ಈಗ ಪಂಜರ ನಾವು ಉಣ್ಣುವ ಜಾಗದಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತಿದೆ. ಬೆಳಗ್ಗೆ ಸಂಜೆ ಬಾಗಿಲು ತೆರೆದಿರುತ್ತದೆ. ಮುತ್ತು ಮನೆಯೆಲ್ಲ ನಡೆದಾಡಿ ತಪಾಸಣೆ ಮಾಡುತ್ತದೆ. ಸಹನಾಳ ಪೆನ್ನಿನ ಮುಚ್ಚಳಗಳೆಲ್ಲ ಹೋದವು, ಕುರ್ಚಿಯ ಒಂದು ಕೈ ಅರ್ಧ ಆಗಿದೆ. ನೆಲ ದಿನಕ್ಕೆರಡು ಸಲ ಒರೆಸಬೇಕು, ಗರಿಯ ಪುಡಿ ಅಷ್ಟಿರುತ್ತದೆ. ನಮಗೆ ಅರ್ಧ ದಿನ ಪುರುಸೊತ್ತು ಇದೆ, ಸಂಜೆ ಮಾತ್ರ ಮುದ್ದು ಮಾಡುತ್ತೇವೆ ಎನ್ನುವವರು ಈ ಹಕ್ಕಿಯ ಗೋಜಿಗೆ ಹೋಗಬಾರದು ಎಂದು ಯಾರು ಕೇಳಿದರೂ ಹೇಳುತ್ತೇನೆ. ನಮ್ಮ ಮನೆಯಲ್ಲಿ ಹಗಲು ಮಾತಾಡುವವರು ಇಬ್ಬರಿದ್ದೇವೆ, ಜಗಳಾಡುವವರೂ ಅವರೇ. ಒಬ್ಬರು ಹಿತ್ತಿಲ ಒಲೆಯ ಮುಂದಿದ್ದರೆ ಇನ್ನೊಬ್ಬರು ಒಳಗೆ ಅದರ ಹತ್ತಿರ ಇರುತ್ತಾರೆ, ರೊಟ್ಟಿ ಬಡಿಯುವ ಸದ್ದು ಗೋಡೆಯಾಚೆಯಿಂದ ಕೇಳುತ್ತಲೇ ಇರುತ್ತದೆ. ಅದಕ್ಕೆ ಬೇಸರ ಬರಲು ಅವಕಾಶವಿಲ್ಲ. ಎದೆಯಲ್ಲಿ ಎಳೆಯ ಬೂದು ತುಪ್ಪಳ ಮತ್ತೆ ಮೂಡಿದೆ. ತಿಂಗಳು ಕಳೆದು ಟೀಚರು ಬಂದಾಗ ಅದು ಓಡಿಹೋಗಿ ಅವರ ಸೀರೆಯ ನೆರಿಗೆ ಹತ್ತಿತು, ಅವರ ಕೆನ್ನೆಗೆ ಕೆನ್ನೆ ಕೊಟ್ಟಿತು. ಆಮೇಲೆ ಇವರ ಹೆಗಲಿಗೆ ವಾಪಸ್ ಬಂತು. ಟೀಚರು ಕಣ್ಣು ಒರೆಸಿಕೊಳ್ಳುತ್ತಾ ನಗುತ್ತಿದ್ದರು. ಮುತ್ತು ಅವರದೇ ದನಿಯಲ್ಲಿ "ಒಣಸ್ ಆಂಡಾ?" ಎಂದಿತು, ಹಿಂದೆಯೇ ಅತ್ತೆಯ ದನಿಯಲ್ಲಿ "ಬರ್ರಿ, ಬರ್ರಿ ಒಳಗ" ಎಂದಿತು. ಅತ್ತೆಯ ಮುಖ ಅರಳಿದ್ದನ್ನು ನೋಡಬೇಕಿತ್ತು.

ಪಂಚಮಿಗೆ ನಾನೂ ಅತ್ತೆಯೂ ಇಬ್ಬರೇ ಊರಿಗೆ ಹೋದೆವು. ಅಪ್ಪ ಮಗಳು ಮುತ್ತುವಿನ ಜೊತೆ ಉಳಿದರು. ಮೊದಲ ಬಾರಿಗೆ ಇನ್ನಂಜೆಯ ಬಾಗಿಲಿಗೆ ಬೀಗ ಬೀಳಲಿಲ್ಲ. ಅತ್ತೆ ತಮ್ಮ ಮೈದುನನ ಮನೆಗೆ ಹೋದರು, ನಾನು ತವರಿಗೆ. ಅಣ್ಣನ ಹೆಂಡತಿ ಹೊಸ ಕಂಬಳಿ ಹಾಸಿ ಪಡಸಾಲೆಯಲ್ಲಿ ಕೂರಿಸಿದಳು. ಚಹಾ ಬಂತು, ಚೂಡಾ ಬಂತು, ಎಳ್ಳುಂಡಿ, ಶೇಂಗಾದುಂಡಿ ಬಂದವು. ಕೈ ಜೋಡಿಸುತ್ತೇನೆ ಎಂದು ಎದ್ದರೆ, "ಕುಂದರ್ರಿ ಅಕ್ಕಾ, ಎಂದೋ ಬರಾವರು ನೀವು" ಎಂದು ಮತ್ತೆ ಕೂರಿಸಿದಳು. ಓಣಿಯ ಹೆಂಗಸರು ಬಂದು ಮಾತಾಡಿಸಿದರು. ಎಲ್ಲರೂ ಪ್ರೀತಿಯಿಂದಲೇ ಕೇಳಿದರು, ಯಾವಾಗ ಹೊಂಟ್ರಿ ಎಂದು. ಒಳಗಿನಿಂದ ಅವರವರ ನಗು ಕೇಳಿಸುತ್ತಿತ್ತು. ನಾನು ಉಂಡಿ ಹಿಡಿದುಕೊಂಡು ಕುಳಿತಿದ್ದೆ. ಹೊರಗೆ ಗಾಳಿ ಒಣಗಿತ್ತು, ಜೋಳದ ಹೊಲದ ವಾಸನೆ ಬರುತ್ತಿತ್ತು. ಆ ವಾಸನೆಗೆ ನನ್ನ ಜೀವ ಈಗಲೂ ಹಾರುತ್ತದೆ, ಸುಳ್ಳು ಹೇಳುವುದಿಲ್ಲ.

ಮಧ್ಯಾಹ್ನ ಸಹನಾಳ ಫೋನ್ ಬಂತು. ಹಲೋ ಎನ್ನುವ ಮೊದಲೇ ಆ ಕಡೆಯಿಂದ ಕೇಳಿಸಿತು.

"ಒಣಸ್ ಆಂಡಾ?"

"ಆಂಡ್ ಮುತ್ತು, ಆಂಡ್" ಎಂದೆ. ಆಯಿತು ಎಂದು. ತುಳು ನನ್ನ ಬಾಯಿಂದ ತಾನಾಗಿ ಬಂದದ್ದು ಪಡಸಾಲೆಯಲ್ಲಿದ್ದವರು ತಿರುಗಿ ನೋಡಿದಾಗಲೇ ನನಗೆ ಗೊತ್ತಾದದ್ದು.

"ಯಾರ್ದು ಅಕ್ಕಾ ಫೋನು?" ಎಂದಳು ಅಣ್ಣನ ಹೆಂಡತಿ.

"ಮನಿಯಿಂದ" ಎಂದೆ.

ಅವಳು ಚಹಾದ ಲೋಟ ತೆಗೆದುಕೊಳ್ಳುತ್ತಿದ್ದವಳು ನಿಂತಳು. "ಹಂಗಾರ ಇದು ಯಾರ ಮನಿ?" ಎಂದು ನಕ್ಕಳು.

ನಾನು ಫೋನನ್ನು ಕಿವಿಗೆ ಹಿಡಿದುಕೊಂಡೇ ಎದ್ದು ಅವಳ ಹಿಂದೆ ಅಡುಗೆಮನೆಗೆ ನಡೆದೆ. ಬೇಡ ಬೇಡ ಎನ್ನುತ್ತಿದ್ದಂತೆ ಕೊಣಮಿಗೆಯ ಮುಂದೆ ಕುಳಿತು ಹಿಟ್ಟಿಗೆ ಕೈ ಹಾಕಿದೆ. ಫೋನು ಪಕ್ಕದಲ್ಲೇ ಇತ್ತು, ಕರೆ ಕಡಿಯದೆ ಸ್ಪೀಕರ್ ಹಾಕಿದ್ದೆ. ನಾನು ಮೊದಲ ರೊಟ್ಟಿ ಬಡಿಯತೊಡಗಿದೆ. ಆ ಕಡೆಯಿಂದ, ಇನ್ನಂಜೆಯ ಗೋಡೆಯ ಬಳಿಯಿಂದ, ಮುತ್ತು ನನ್ನ ಅಂಗೈಯ ಸದ್ದಿಗೆ ಸರಿಯಾಗಿ ನಾಲಿಗೆಯಲ್ಲೇ ರೊಟ್ಟಿ ಬಡಿಯತೊಡಗಿತು.